ಗಾರ್ಮೆಂಟ್ಸ್‌ನಲ್ಲಿ ‘ತರಬೇತಿಯ ಪರಿಣಾಮ’ ಪ್ರಾಜೆಕ್ಟ್: 100 ಫಾರಂ ತುಂಬಿಸಿದರೆ ಸಾಕಾ?

ಹೇಮಾವತಿ_ದಂಡೆ

ಹಾಸನದಲ್ಲಿ ಎಂಬಿಎ ಎಚ್‌ಆರ್, ಕೊನೆಯ ಸೆಮಿಸ್ಟರ್. ‘ಉಡುಪು ತಯಾರಿಕಾ ಘಟಕದಲ್ಲಿ ತರಬೇತಿಯ ಪರಿಣಾಮಕಾರಿತ್ವ’ ಅನ್ನೋ ವಿಷಯಕ್ಕೆ ಗೈಡ್ ಒಪ್ಪಿದ್ದಾರೆ. ಇಂಡಸ್ಟ್ರಿಯಲ್ ಏರಿಯಾದ ಒಂದು ಘಟಕದಲ್ಲಿ ಬಾಯಿಮಾತಿನ ಅನುಮತಿ ಸಿಕ್ಕಿದೆ. ಹೊಲಿಗೆ ವಿಭಾಗದಲ್ಲಿ 10 ಲೈನ್, ಸುಮಾರು 300 ಆಪರೇಟರ್‌ಗಳು. ಗುಣಮಟ್ಟದ ಬಗ್ಗೆ ಅವರಿಗೆ ಮುಂದಿನ ತಿಂಗಳು ತರಬೇತಿ ಇದೆಯಂತೆ. ನನ್ನ ಯೋಜನೆ: 25 ಪ್ರಶ್ನೆಗಳ ಪ್ರಶ್ನಾವಳಿ, 100 ಜನರ ಉತ್ತರ, ಶೇಕಡಾವಾರು ಲೆಕ್ಕ, ಪೈ ಚಾರ್ಟ್, ಒಂದೆರಡು ಕೈ-ಸ್ಕ್ವೇರ್ (ಎರಡು ವಿಷಯಗಳಿಗೆ ನಂಟಿದೆಯಾ ಅಂತ ನೋಡೋ ಪರೀಕ್ಷೆ). ಮುಂದೆ ಸಾಂಸ್ಥಿಕ ಅಭಿವೃದ್ಧಿ, ಅಂದರೆ ಒ.ಡಿ. ಕಡೆಗೇ ಹೋಗಬೇಕು ಅಂತಿದೆ. ಹಾಗಾಗಿ ಪ್ರಾಜೆಕ್ಟಿಗೂ ಆ ಬಣ್ಣ ಬಂದರೆ ಒಳ್ಳೇದು. ಇಷ್ಟು ಸಾಕಾ? 100 ಜನ ಸಾಲುತ್ತಾರಾ?

ಕ್ಯೂರಿಂಗ್_ವರ್ಕ್ಸ್

ಪಾಸಾಗೋಕೆ ಸಾಕು. ತರಬೇತಿಯಿಂದ ಏನಾದರೂ ಆಯ್ತಾ ಅಂತ ಹೇಳೋಕೆ ಸಾಲಲ್ಲ.

ನಿಮ್ಮ 25 ಪ್ರಶ್ನೆಗಳನ್ನು ನೋಡದೇ ಹೇಳಬಲ್ಲೆ: ಅದರಲ್ಲಿ 20 ‘ತರಬೇತಿ ಉಪಯುಕ್ತವಾಗಿತ್ತೇ, ತರಬೇತುದಾರರು ಚೆನ್ನಾಗಿ ಹೇಳಿಕೊಟ್ಟರೇ, ಕೊಠಡಿ ಸರಿಯಿತ್ತೇ’ ಬಗೆಯವು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳ ನಾಲ್ಕು ಹಂತ ನಿಮ್ಮ ಸಿಲಬಸ್ಸಿನಲ್ಲಿ ಇದ್ದೇ ಇರುತ್ತೆ. ಇಷ್ಟವಾಯ್ತಾ, ಕಲಿತರಾ, ಕೆಲಸದಲ್ಲಿ ಮಾಡ್ತಿದ್ದಾರಾ, ಫಲ ಬಂತಾ. ನಿಮ್ಮ ಪ್ರಶ್ನಾವಳಿ ಮೊದಲನೇ ಮೆಟ್ಟಿಲಲ್ಲೇ ನಿಂತಿದೆ. ಊಟ, ಟೀ, ಅರ್ಧ ದಿನ ಮಷೀನಿನಿಂದ ಬಿಡುವು ಸಿಕ್ಕರೆ ಯಾರು ತಾನೆ ಚೆನ್ನಾಗಿರಲಿಲ್ಲ ಅಂತಾರೆ?

ತಮಾಷೆ ಏನಂದ್ರೆ ಗಾರ್ಮೆಂಟ್ಸ್‌ನಲ್ಲಿ ಮೂರನೇ, ನಾಲ್ಕನೇ ಹಂತದ ಮಾಹಿತಿ ಈಗಾಗಲೇ ದಿನವೂ ಬರೆದಿಡ್ತಾರೆ. ಹೊಲಿದ ಪೀಸ್ ಪರೀಕ್ಷಿಸೋ ಚೆಕರ್ ಟೇಬಲ್ ಮೇಲೆ ಶೀಟ್ ಇರುತ್ತಲ್ಲ, ಅದು. ಅದರಿಂದ ಡಿ.ಎಚ್.ಯು. (ನೂರು ಪೀಸಿಗೆ ಎಷ್ಟು ದೋಷ) ಬರುತ್ತೆ: ಸಿಕ್ಕ ದೋಷಗಳು ಗುಣಿಸು 100, ಭಾಗಿಸು ನೋಡಿದ ಪೀಸ್‌ಗಳು. 600 ಪೀಸ್ ನೋಡಿ 48 ದೋಷ ಸಿಕ್ಕರೆ ಡಿ.ಎಚ್.ಯು. 8. ಇದು ಕೆಟ್ಟ ಪೀಸ್‌ಗಳ ಶೇಕಡಾವಾರು ಅಲ್ಲ. ಒಂದೇ ಪೀಸಿನಲ್ಲಿ ಮೂರು ದೋಷ ಇರಬಹುದು. ಪ್ರಾಜೆಕ್ಟ್‌ಗಳಲ್ಲಿ ಇವೆರಡನ್ನೂ ಕಲಸಿ ಬರೆಯೋದು ಮಾಮೂಲು, ವೈವಾದಲ್ಲಿ ಸಿಕ್ಕಿಬೀಳೋದೂ ಅಲ್ಲೇ.

ಲೈನಿನ ಎಫಿಶಿಯೆನ್ಸಿ ಇನ್ನೊಂದು. ಹೊರಬಂದ ಪೀಸ್ ಗುಣಿಸು ಎಸ್.ಎ.ಎಂ. (ಒಂದು ಪೀಸ್ ಹೊಲಿಯೋಕೆ ನಿಗದಿಯಾದ ನಿಮಿಷ), ಭಾಗಿಸು ಆಪರೇಟರ್‌ಗಳು ಗುಣಿಸು ಕೆಲಸದ ನಿಮಿಷ. 30 ಜನ, 480 ನಿಮಿಷ, ಎಸ್.ಎ.ಎಂ. 18, ಹೊರಬಂದದ್ದು 480 ಪೀಸ್ ಅಂದುಕೊಳ್ಳಿ. 8,640 ಭಾಗಿಸು 14,400, ಅಂದರೆ ಶೇ 60. ಈ ಎರಡು ಅಂಕಿಗಳನ್ನು ಲೈನ್‌ವಾರು, ತರಬೇತಿಗೆ ಮುಂಚಿನ 6 ವಾರ ಮತ್ತು ನಂತರದ 6 ವಾರಕ್ಕೆ ತೆಗೆದುಕೊಳ್ಳಿ. ಪೈ ಚಾರ್ಟ್ ಒಂದೂ ಬೇಡ.

ಒಂದು ಎಚ್ಚರಿಕೆ. ಲೈನಿಗೆ ಹೊಸ ಸ್ಟೈಲ್, ಅಂದರೆ ಉಡುಪಿನ ಹೊಸ ವಿನ್ಯಾಸ, ಲೋಡ್ ಆದ ಮೊದಲ ದಿನಗಳಲ್ಲಿ ಎಫಿಶಿಯೆನ್ಸಿ ಬೀಳುತ್ತೆ, ದೋಷ ಏರುತ್ತೆ, ಆಮೇಲೆ ಕೈ ಪಳಗಿ ತಾನಾಗಿ ಸರಿಹೋಗುತ್ತೆ. ತರಬೇತಿ ಆದ ಮರುವಾರವೇ ಸ್ಟೈಲ್ ಬದಲಾದರೆ ನಿಮ್ಮ ಅಂಕಿ ‘ತರಬೇತಿಯಿಂದ ಹಾಳಾಯ್ತು’ ಅಂತ ಹೇಳುತ್ತೆ. ಪ್ರತಿ ಲೈನಿಗೆ ಸ್ಟೈಲ್ ಬದಲಾದ ತಾರೀಕು ಪಕ್ಕದಲ್ಲಿ ಬರೆದಿಡಿ.

ಹೇಮಾವತಿ_ದಂಡೆ

ಧನ್ಯವಾದ ಸರ್. ಆದರೆ ಎಚ್‌ಆರ್ ಅವರು ‘ಫಾರಂ ಬೇಕಾದ್ರೆ ತುಂಬಿಸಿಕೊಳ್ಳಿ, ಪ್ರೊಡಕ್ಷನ್ ಡೇಟಾ ಕೊಡಲ್ಲ’ ಅಂದಿದ್ದಾರೆ.

ಮೂಡಿಗೆರೆ_ಮಳೆ

ಕೊಡಲ್ಲ ಅನ್ನೋದು ಸಹಜ. ನೀವು ಕೇಳಿದ್ದು ಯಾವ ಡೇಟಾ, ಯಾಕೆ, ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ಗೊತ್ತಿಲ್ಲ. ಬಯರ್ (ಉಡುಪು ಕೊಳ್ಳೋ ಕಂಪನಿ) ಹೆಸರು, ದರ, ಆರ್ಡರ್ ಗಾತ್ರ ಹೊರಗೆ ಹೋದರೆ ಅವರ ತಲೆಗೆ ಬರುತ್ತೆ. ಒ.ಡಿ. ಬಣ್ಣ ಬೇಕು ಅಂದಿರಲ್ಲ, ಅದು ಶುರುವಾಗೋದೇ ಇಲ್ಲಿ. ಪ್ರವೇಶ ಮತ್ತು ಒಡಂಬಡಿಕೆ ಅಂತ ಎರಡು ಹಂತ ಪಠ್ಯದಲ್ಲಿ ಅರ್ಧ ಪುಟ ಇರುತ್ತೆ, ಕೆಲಸದಲ್ಲಿ ಅರ್ಧ ಯೋಜನೆಯೇ ಅದು.

ಒಂದೇ ಪುಟದ ಪತ್ರ ಬರೆಯಿರಿ, ಕನ್ನಡದಲ್ಲೊಂದು ಇಂಗ್ಲಿಷಿನಲ್ಲೊಂದು. ಅದರಲ್ಲಿ ಇರಬೇಕಾದ್ದು: ಯಾವ ಪ್ರಶ್ನೆಗೆ ಉತ್ತರ ಹುಡುಕ್ತಿದ್ದೀರಿ, ಯಾವ ಅಂಕಿ ಬೇಕು, ಯಾವುದು ಬೇಡ (ಬಯರ್, ಬೆಲೆ, ವೇತನ ಬೇಡವೇ ಬೇಡ), ಫ್ಲೋರಿನ ಮೇಲೆ ಎಷ್ಟು ಹೊತ್ತು ಇರ್ತೀರಿ, ವರದಿಯಲ್ಲಿ ಕಂಪನಿ ಹೆಸರು ಬರುತ್ತಾ, ಕೊನೆಗೆ ಅವರಿಗೆ ಏನು ಸಿಗುತ್ತೆ. ಕೊನೆಯದನ್ನು ಎಲ್ಲರೂ ಮರೀತಾರೆ. ‘ಲೈನ್‌ವಾರು ಎರಡು ಪುಟದ ಸಾರಾಂಶ, ಅರ್ಧ ಗಂಟೆಯ ಮಾತುಕತೆ’ ಅಂತ ಬರೆದರೆ ಸಾಕು, ಬಾಗಿಲು ಸ್ವಲ್ಪ ತೆರೆಯುತ್ತೆ.

ಅಸಲಿ ಅಂಕಿ ಕೊಡೋಕೆ ಹಿಂಜರಿದರೆ ಸೂಚ್ಯಂಕ ಕೇಳಿ. ತರಬೇತಿಗೆ ಮುಂಚಿನ 6 ವಾರದ ಸರಾಸರಿಯನ್ನು 100 ಅಂತ ಇಟ್ಟುಕೊಂಡು ಉಳಿದ ವಾರಗಳನ್ನು ಅದರ ಮೇಲೆ ಅವರೇ ಲೆಕ್ಕ ಹಾಕಿ ಕೊಡಲಿ. ಡಿ.ಎಚ್.ಯು. 8ರಿಂದ 6ಕ್ಕೆ ಇಳಿದರೆ ನಿಮಗೆ 100ರಿಂದ 75 ಅಂತ ಕಾಣುತ್ತೆ. ನಿಮ್ಮ ವಿಶ್ಲೇಷಣೆಗೆ ಏನೂ ಕಡಿಮೆಯಾಗಲ್ಲ, ಅವರ ಗುಟ್ಟೂ ಉಳಿಯುತ್ತೆ. ಲೈನ್‌ಗಳಿಗೆ ಅ, ಆ, ಇ ಅಂತ ಹೆಸರಿಡಿ.

ಇನ್ನೊಂದು ಮಾತು. ಪ್ರಶ್ನಾವಳಿ ಹಂಚೋಕೆ ಲೈನ್ ಸೂಪರ್‌ವೈಸರ್ ಕೈಗೆ ಯಾವ ಕಾರಣಕ್ಕೂ ಕೊಡಬೇಡಿ. ಅವರು ತಲೆಯ ಮೇಲೆ ನಿಂತು ಬರೆಸಿದರೆ ಎಲ್ಲರದೂ ‘ಸಂಪೂರ್ಣ ಒಪ್ಪುತ್ತೇನೆ’. ಕ್ಯಾಂಟೀನ್ ಪಕ್ಕ ಒಂದು ಮೇಜು, ಬೀಗ ಹಾಕಿದ ಡಬ್ಬಿ, ನೀವೇ ಖುದ್ದು. 8ಕ್ಕಿಂತ ಕಡಿಮೆ ಜನರ ಗುಂಪಿನ ಸರಾಸರಿಯನ್ನು ಬೇರೆಯಾಗಿ ತೋರಿಸಲ್ಲ ಅಂತ ಮೊದಲೇ ಹೇಳಿ. ಅಷ್ಟು ಕಡಿಮೆ ಜನರಾದರೆ ಯಾರು ಏನು ಹೇಳಿದರು ಅಂತ ಊಹಿಸಿಬಿಡಬಹುದು, ಅದಕ್ಕೆ.

ಅಂಕಿಸಂಖ್ಯೆ_ಅರಸೀಕೆರೆ

100 ಜನ ಸಾಲುತ್ತಾರಾ ಅನ್ನೋದಕ್ಕೆ. 300 ಜನರಿರುವ ಕಡೆ ಶೇ 95 ವಿಶ್ವಾಸ, ಶೇ 5ರ ಅಂಚು (ಉತ್ತರ ಆಚೀಚೆ ತಪ್ಪಬಹುದಾದಷ್ಟು) ಬೇಕು ಅಂದರೆ 169 ಬೇಕು. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದಲ್ಲೂ ಅದೇ ಇದೆ. 100 ಜನ ತೆಗೆದುಕೊಂಡರೆ ಅಂಚು ಸುಮಾರು ಶೇ 8. ಆದರೆ ಆ ಕೋಷ್ಟಕ ‘ಎಷ್ಟು ಜನ ಹೌದು ಅಂದರು’ ಅನ್ನೋ ಪ್ರಶ್ನೆಗೆ, ಅದೂ ಯಾದೃಚ್ಛಿಕವಾಗಿ ಆರಿಸಿದಾಗ. ನಿಮ್ಮ ಪ್ರಶ್ನೆ ‘ಮೊದಲಿಗೂ ಆಮೇಲಿಗೂ ವ್ಯತ್ಯಾಸ ಆಯ್ತಾ’. ಅದಕ್ಕೆ ಲೆಕ್ಕ ಬೇರೆ. ಒಬ್ಬರನ್ನೇ ಎರಡು ಸಲ ಅಳೆದು, ವ್ಯತ್ಯಾಸ ಪ್ರಮಾಣಿತ ವಿಚಲನೆಯ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆಯ) ಅರ್ಧದಷ್ಟಿದೆ ಅಂದುಕೊಂಡರೆ, ಶೇ 80ರ ಶಕ್ತಿಗೆ (ಇರುವ ವ್ಯತ್ಯಾಸವನ್ನು ಹಿಡಿಯೋ ಸಾಧ್ಯತೆ) 34 ಜೋಡಿ ಸಾಕು. ಎರಡು ಬೇರೆ ಬೇರೆ ಗುಂಪುಗಳನ್ನು ಹೋಲಿಸಿದರೆ ಗುಂಪಿಗೆ 64. ಗಾರ್ಮೆಂಟ್ಸ್‌ನಲ್ಲಿ ಬಿಟ್ಟು ಹೋಗೋರು ಜಾಸ್ತಿ, ಆದ್ದರಿಂದ 34ಕ್ಕೆ 55–60 ಜನರಿಂದ ಶುರು ಮಾಡಿ.

ಜೋಡಿಸೋದು ಹೇಗೆ? ಹೆಸರು ಬರೆಸಿದರೆ ಹೆದರ್ತಾರೆ, ಬರೆಸದಿದ್ದರೆ ಎರಡನೇ ಫಾರಂ ಯಾರದು ಅಂತ ಗೊತ್ತಾಗಲ್ಲ. ಅದಕ್ಕೆ ಸ್ವಂತ ಗುರುತು: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಕಿನ ಎರಡು ಅಂಕಿ, ಊರಿನ ಮೊದಲ ಅಕ್ಷರ. ‘ಲ14ಬೇ’. ಹುಟ್ಟಿದ ತಾರೀಕು ಗೊತ್ತಿಲ್ಲದವರು ಆಧಾರ್‌ನಲ್ಲಿರೋದನ್ನೇ ಬರೀಲಿ, ಎರಡು ಸಲವೂ ಒಂದೇ ಬಂದರೆ ಆಯ್ತು.

ಈಗ ದೊಡ್ಡ ಗುಂಡಿ. ಮ್ಯಾನೇಜ್‌ಮೆಂಟ್ ಯಾವಾಗಲೂ ಅತಿ ಕೆಟ್ಟ ಲೈನನ್ನೇ ಮೊದಲು ತರಬೇತಿಗೆ ಕಳಿಸುತ್ತೆ. ಕಳೆದ ತಿಂಗಳು ಅತಿ ಕೆಟ್ಟದಾಗಿದ್ದ ಲೈನ್ ಈ ತಿಂಗಳು ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸುತ್ತೆ, ಯಾಕಂದ್ರೆ ಆ ಕೆಟ್ಟ ತಿಂಗಳಲ್ಲಿ ದುರದೃಷ್ಟದ ಪಾಲೂ ಇತ್ತು. ಸರಾಸರಿಯ ಕಡೆಗೆ ಜಾರೋದು ಅಂತಾರೆ. ತರಬೇತುದಾರರು ಅದರ ಕೀರ್ತಿ ತಗೊಂಡು ಹೋಗ್ತಾರೆ. ಇದನ್ನು ತಪ್ಪಿಸೋಕೆ ದಾರಿ ಸುಲಭ, 10 ಲೈನಿಗೂ ಒಂದೇ ದಿನ ತರಬೇತಿ ಕೊಡೋಕೆ ಹೇಗೂ ಆಗಲ್ಲ. ಚೀಟಿ ಎತ್ತಿ 5 ಲೈನ್ ಮೊದಲು, ಉಳಿದ 5 ಲೈನ್ 6 ವಾರದ ನಂತರ. ಯಾರಿಗೂ ಅನ್ಯಾಯ ಇಲ್ಲ, ನಿಮಗೆ ಹೋಲಿಕೆಗೆ ಗುಂಪು ಸಿಕ್ತು.

ಡಿ.ಎಚ್.ಯು. ವಿಷಯದಲ್ಲಿ ನಿಮ್ಮ ‘ಸಂಖ್ಯೆ’ 300 ಅಲ್ಲ, 10. ತರಬೇತಿ ಲೈನಿಗೆ ಕೊಟ್ಟದ್ದು, ಅಳತೆಯೂ ಲೈನಿನದು. 300 ಅಂತ ಹಾಕಿ ಪಿ ಮೌಲ್ಯ (ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಅಂಕಿ ಬರೋ ಸಾಧ್ಯತೆ) ತೆಗೆದರೆ ಅದು ಸುಳ್ಳು. ಹತ್ತು ಲೈನ್‌ಗಳ ವಾರವಾರದ ಗೆರೆಗಳನ್ನು ಒಂದೇ ಗ್ರಾಫಿನಲ್ಲಿ ಎಳೆದು ತೋರಿಸಿ, ಕಣ್ಣಿಗೇ ಕಾಣುತ್ತೆ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಜಾಸ್ಪ್ ಅಥವಾ ಜಮೋವಿ ಉಚಿತ.

ಕೈ-ಸ್ಕ್ವೇರ್ ಹಾಕಲೇಬೇಕು ಅಂದರೆ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಶಗಳು ಎಷ್ಟಿವೆ ನೋಡಿ. 100 ಜನರನ್ನು ಐದು ವಯೋಮಾನ, ಐದು ಉತ್ತರ ಅಂತ 25 ಕೋಶಕ್ಕೆ ಹಂಚಿದರೆ ಸರಾಸರಿಯೇ ಕೋಶಕ್ಕೆ 4. ಪರೀಕ್ಷೆ ಅಲ್ಲೇ ಬಿದ್ದು ಹೋಯ್ತು.

ಬೇಲೂರು_ರಸ್ತೆ

ಇಷ್ಟೆಲ್ಲ ಅಳೆಯೋ ಮುಂಚೆ ಒಂದು ತಕರಾರು. ತರಬೇತಿ ಬೇಕಿತ್ತಾ ಅಂತ ಯಾರಾದ್ರೂ ನೋಡಿದ್ರಾ?

ಸ್ಕಿಪ್ ಸ್ಟಿಚ್ (ನಡುವೆ ಹೊಲಿಗೆ ಬಿಟ್ಟುಹೋಗೋದು) ಜಾಸ್ತಿ ಬರ್ತಿದೆ ಅಂತ ಆಪರೇಟರ್‌ಗೆ ಗುಣಮಟ್ಟದ ಪಾಠ ಹೇಳ್ತಾರೆ. ಸ್ಕಿಪ್ ಸ್ಟಿಚ್ ಬರೋದು ಸೂಜಿ ಬಾಗಿದಾಗ, ಮೊನೆ ಮೊಂಡಾದಾಗ, ತಿರುವಿ ಹಾಕಿದಾಗ, ಬಟ್ಟೆಗೆ ತಕ್ಕ ನಂಬರಿನ ಸೂಜಿ ಇಲ್ಲದಾಗ, ಹುಕ್ ಟೈಮಿಂಗ್ (ಸೂಜಿಗೂ ದಾರ ಹಿಡಿಯೋ ಕೊಕ್ಕೆಗೂ ಇರೋ ಹೊಂದಾಣಿಕೆ) ತಪ್ಪಿದಾಗ. ಇದರಲ್ಲಿ ಆಪರೇಟರ್ ಕೈಲಿರೋದು ಒಂದೋ ಎರಡೋ. ಹುಕ್ ಟೈಮಿಂಗ್ ಮೆಕ್ಯಾನಿಕ್ ಕೆಲಸ. ಹೊಸ ಸೂಜಿ ಬೇಕಂದ್ರೆ ಹಳೇದನ್ನ ತಂದುಕೊಡಬೇಕು, ಮುರಿದಿದ್ರೆ ಎಲ್ಲ ಚೂರೂ ಟೇಪ್ ಹಚ್ಚಿ ರಿಜಿಸ್ಟರ್‌ಗೆ ಹಾಕಬೇಕು. ಆ ನಿಯಮ ಸರಿಯೇ, ಬಟ್ಟೆಯೊಳಗೆ ಚೂರು ಉಳಿಯಬಾರದು. ಆದ್ರೆ ಸೂಜಿ ಕೊಡೋ ಟೇಬಲ್ ಫ್ಲೋರಿನ ಆ ತುದಿಗಿದ್ದು, ಗಂಟೆ ಟಾರ್ಗೆಟ್ ತಲೆ ಮೇಲಿದ್ರೆ ಮೊಂಡು ಸೂಜೀಲೇ ಹೊಲೀತಾರೆ. ಇದಕ್ಕೆ ಎಷ್ಟು ತರಬೇತಿ ಕೊಟ್ಟರೂ ಅಷ್ಟೇ.

ರಾಬರ್ಟ್ ಮೇಗರ್ ಕೇಳಿಸಿದ ಪ್ರಶ್ನೆ ಇದೆ: ಪ್ರಾಣದ ಮೇಲೆ ಬಂದರೆ ಇವರು ಈ ಕೆಲಸ ಮಾಡಬಲ್ಲರಾ? ಮಾಡಬಲ್ಲರು ಅಂದ್ರೆ ಅದು ಕಲಿಕೆಯ ತೊಂದರೆ ಅಲ್ಲ. ಉಪಕರಣ, ಹೊತ್ತು, ಹೇಳಿದ್ದು ಸ್ಪಷ್ಟ ಇಲ್ಲದಿರೋದು, ಸರಿಯಾಗಿ ಮಾಡಿದವರಿಗೇ ಶಿಕ್ಷೆ ಆಗೋದು. ಕೊನೇದು ಯೋಚನೆ ಮಾಡಿ: ದೋಷ ತೋರಿಸಿದ ಆಪರೇಟರ್ ಟಾರ್ಗೆಟ್ ತಪ್ಪಿ ಬೈಸ್ಕೊಳ್ತಾರೆ, ಮುಚ್ಚಿ ಮುಂದಕ್ಕೆ ತಳ್ಳಿದವರು ಪಾರು.

ನನ್ನ ಮಟ್ಟಿಗೆ ನಿಮ್ಮ ಪ್ರಾಜೆಕ್ಟಿನ ಅತಿ ಬೆಲೆಯ ಕೋಷ್ಟಕ ಅಂದ್ರೆ ಒಂದು ವಾರದ ದೋಷಗಳನ್ನ ಕಾರಣದ ಮೇಲೆ ವಿಂಗಡಿಸಿದ್ದು. ಕೈಕೆಲಸ ಎಷ್ಟು, ಮಷೀನ್ ಎಷ್ಟು, ಬಟ್ಟೆ ಮತ್ತು ಕಟಿಂಗ್ ಎಷ್ಟು, ಸೂಚನೆ ತಪ್ಪಿದ್ದೆಷ್ಟು. ತರಬೇತಿ ಮುಟ್ಟಬಲ್ಲದ್ದು ಮೊದಲನೇ ಪಾಲನ್ನ ಮಾತ್ರ. ಅದು ದೋಷಗಳಲ್ಲಿ ಮೂರನೇ ಒಂದು ಪಾಲೇ ಇದ್ರೆ, ಡಿ.ಎಚ್.ಯು. ಅರ್ಧಕ್ಕಿಳಿಯುತ್ತೆ ಅನ್ನೋ ಭರವಸೆ ಮೊದಲ ದಿನವೇ ಸುಳ್ಳು.

ಕ್ಯೂರಿಂಗ್_ವರ್ಕ್ಸ್

ಬೇಲೂರು ಹೇಳಿದ್ದು ಸರಿ, ಆದ್ರೆ ಪೂರ್ತಿ ಅಲ್ಲ. ‘ತರಬೇತಿ ಬೇಡವಿತ್ತು’ ಅಂತ ವಿದ್ಯಾರ್ಥಿ ಬರೆದರೆ ಎಚ್‌ಆರ್ ಬಾಗಿಲು ಮುಚ್ಚುತ್ತೆ. ಎರಡನ್ನೂ ಅಳೀಬಹುದು. ಕೈಕೆಲಸದ ದೋಷ ಬೇರೆ, ಮಷೀನ್ ದೋಷ ಬೇರೆ ಗೆರೆಯಾಗಿ ಎಳೆಯಿರಿ. ತರಬೇತಿಯ ನಂತರ ಮೊದಲನೇ ಗೆರೆ ಇಳಿದು ಎರಡನೇದು ಹಾಗೇ ಇದ್ದರೆ ಅದು ತರಬೇತಿ ಕೆಲಸ ಮಾಡಿದ್ದಕ್ಕೆ ಬಲವಾದ ಸಾಕ್ಷಿ. ಎರಡೂ ಒಟ್ಟಿಗೆ ಇಳಿದರೆ ಬೇರೇನೋ ಆಗಿದೆ: ಸ್ಟೈಲ್ ಸುಲಭದ್ದು ಬಂತೋ, ಚೆಕರ್ ಬದಲಾದರೋ.

ಚೆಕರ್ ಬದಲಾದರೋ ಅನ್ನೋದನ್ನ ಹಗುರಾಗಿ ತಗೋಬೇಡಿ. ಚೆಕರ್ ಕಣ್ಣು ಸಡಿಲಾದರೆ ಡಿ.ಎಚ್.ಯು. ಇಳಿಯುತ್ತೆ. ವಾರಕ್ಕೊಮ್ಮೆ ಪಾಸಾದ ಪೀಸ್‌ಗಳಲ್ಲಿ 20 ತೆಗೆದು ಬೇರೊಬ್ಬರಿಂದ ನೋಡಿಸಿ.

ಎರಡನೇ ಹಂತಕ್ಕೆ, ಅಂದರೆ ಕಲಿತರಾ ಅನ್ನೋದಕ್ಕೆ, ಬರಹದ ಪರೀಕ್ಷೆ ಬೇಡ. 10 ಪೀಸ್ ಇಡಿ, 6ರಲ್ಲಿ ಗೊತ್ತಿರುವ ದೋಷ, 4 ಚೆನ್ನಾಗಿರೋವು. ಎಷ್ಟು ದೋಷ ಹಿಡಿದರು, ಒಳ್ಳೇದನ್ನು ಎಷ್ಟು ಸಲ ಕೆಟ್ಟದು ಅಂದರು, ಎರಡನ್ನೂ ಬರೆದುಕೊಳ್ಳಿ. ತರಬೇತಿಗೆ ಮುಂಚೆ, ಮುಗಿದ ದಿನ, ನಾಲ್ಕು ವಾರದ ನಂತರ. ಮೂರನೇ ಅಳತೆಯೇ ಮುಖ್ಯ. ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ ಮರೆವಿನ ಇಳಿಜಾರು ನಿಮ್ಮ ಫ್ಲೋರಿನಲ್ಲೂ ಇರುತ್ತೆ. ಎರಡನೇ ಸಲಕ್ಕೆ ಪೀಸ್ ಬದಲಿಸಿ, ದೋಷದ ಬಗೆ ಅದೇ ಇರಲಿ.

ಕೊಪ್ಪ_ಕ್ರಾಸ್

ನಡುವೆ ಬಾಯಿ ಹಾಕ್ತಿದ್ದೀನಿ. ಬಿಎ, ಸೈಕಾಲಜಿ ಇದೆ. ಎಲ್ ಅಂಡ್ ಡಿ (ಕಲಿಕೆ ಮತ್ತು ಅಭಿವೃದ್ಧಿ) ಅಥವಾ ಒ.ಡಿ.ಗೆ ಯಾವ ಪಿಜಿ ಮಾಡಬೇಕು? ಚಿಕ್ಕಮಗಳೂರು ಬಿಟ್ಟು ಹೋಗೋದು ಕಷ್ಟ. ದೂರಶಿಕ್ಷಣದಲ್ಲಿ ಎಂಎ ಸೈಕಾಲಜಿ ಆಗುತ್ತಾ?

ಮೂಡಿಗೆರೆ_ಮಳೆ

ದೂರಶಿಕ್ಷಣದ ಸೈಕಾಲಜಿ ದಾರಿ ಮುಚ್ಚಿದೆ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರ ಮತ್ತು ಆನ್‌ಲೈನ್ ಕ್ರಮದಲ್ಲಿ ನಡೆಸಬಾರದು ಅಂತ ಯುಜಿಸಿ ಆದೇಶ ಮಾಡಿದೆ. ಯಾರಾದರೂ ಈಗಲೂ ‘ಸೀಟ್ ಇದೆ’ ಅಂದರೆ ದುಡ್ಡು ಕಟ್ಟಬೇಡಿ.

ಊರು ಬಿಡದೆ ಆಗೋದು: ಮೈಸೂರಿನ ಮುಕ್ತ ವಿವಿಯ ಎಂಬಿಎ, ಇಗ್ನೋದ ಎಚ್‌ಆರ್ ಎಂಬಿಎ. ರೆಗ್ಯುಲರ್ ಎಂಬಿಎ ಆದರೆ ಪಿಜಿಸಿಇಟಿ ಬರೆದು ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲೇ ಸಿಗುತ್ತೆ. ಬಿಟ್ಟು ಹೋಗೋ ಮನಸ್ಸಿದ್ದರೆ, ಒ.ಡಿ. ಹೆಸರಲ್ಲೇ ಪದವಿ ಅಂತ ಇರೋದು ಮುಂಬೈನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ): ‘ಆರ್ಗನೈಸೇಶನ್ ಡೆವಲಪ್‌ಮೆಂಟ್, ಚೇಂಜ್ ಅಂಡ್ ಲೀಡರ್‌ಶಿಪ್’ ಎಂಎ. ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಎಚ್‌ಆರ್‌ಗೆ ಹಳೆಯ ಮನೆ, 1949ರದ್ದು, ಎಕ್ಸ್‌ಎಟಿ ಬರೆಯಬೇಕು.

ಎಂಎಸ್‌ಡಬ್ಲ್ಯೂವನ್ನು (ಸಮಾಜಕಾರ್ಯದ ಪಿಜಿ) ಕಡೆಗಣಿಸಬೇಡಿ. ಎಚ್‌ಆರ್ ವಿಶೇಷ ವಿಷಯವಾಗಿ ಇದ್ದರೆ, ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಇರುತ್ತೆ. ಎಂಬಿಎ ವಿದ್ಯಾರ್ಥಿ ಕೊನೆ ಸೆಮಿಸ್ಟರ್‌ನಲ್ಲಿ ಕಾಣೋ ಫ್ಲೋರನ್ನು ಇವರು ಮೊದಲ ವರ್ಷವೇ ಕಾಣ್ತಾರೆ. ಜನರ ಜೊತೆ ಕೂತು ಮಾತು ಕೇಳೋ ಅಭ್ಯಾಸ, ಗುಂಪು ನಡೆಸೋದು, ಎಲ್ಲ ಅಲ್ಲೇ ಬರುತ್ತೆ. ಸಂಬಳದ ಪಟ್ಟಿಯಲ್ಲಿ ಎಂಬಿಎ ಮುಂದೆ ಕಾಣಬಹುದು, ಒ.ಡಿ.ಯ ಕೈಗೆ ಎಂಎಸ್‌ಡಬ್ಲ್ಯೂ ಹತ್ತಿರ. ಅಧ್ಯಾಪನದ ಕಡೆ ಹೋಗೋದಾದರೆ ಯುಜಿಸಿ ನೆಟ್‌ನಲ್ಲಿ ಎಚ್‌ಆರ್ ಮತ್ತು ಕಾರ್ಮಿಕ ಕಲ್ಯಾಣದ ವಿಷಯಸಂಖ್ಯೆ 55, ಮ್ಯಾನೇಜ್‌ಮೆಂಟ್ 17.

ಯಾವ ಕೋರ್ಸೇ ಆಗಲಿ, ಬ್ರೋಷರ್ ಬಿಟ್ಟು ಸಿಲಬಸ್ ತೆಗೆಸಿ ಓದಿ. ಗುಂಪಿನ ನಡವಳಿಕೆ ಪ್ರಯೋಗಾಲಯವಾಗಿ ಇದೆಯಾ ಅಥವಾ ಬರೀ ಅಧ್ಯಾಯವಾಗಿ ಇದೆಯಾ? ತರಬೇತಿ ವಿನ್ಯಾಸದ ಪತ್ರಿಕೆಯಲ್ಲಿ ಒಂದು ಪಾಠವನ್ನಾದರೂ ಕಟ್ಟಿಸಿ ನಡೆಸಿಸುತ್ತಾರಾ? ಮೌಲ್ಯಮಾಪನಕ್ಕೆ ಪ್ರತ್ಯೇಕ ಘಟಕ ಇದೆಯಾ? ಉದಯ್ ಪಾರೀಕ್, ಟಿ.ವಿ. ರಾವ್ ಹೆಸರೇ ಇಲ್ಲದ ಭಾರತದ ಎಚ್‌ಆರ್‌ಡಿ (ಮಾನವ ಸಂಪನ್ಮೂಲ ಅಭಿವೃದ್ಧಿ) ಸಿಲಬಸ್ ಕಂಡರೆ ಅನುಮಾನಪಡಿ. 1970ರ ದಶಕದ ಮಧ್ಯದಲ್ಲಿ ಎಲ್ ಅಂಡ್ ಟಿಯಲ್ಲಿ ಇಲ್ಲಿನ ಮೊದಲ ಸಮಗ್ರ ಎಚ್‌ಆರ್‌ಡಿ ವ್ಯವಸ್ಥೆಯ ರೂಪ ಕೊಟ್ಟವರು ಅವರೇ.

ಪದವಿಯ ಪಕ್ಕದಲ್ಲಿ: ಐಎಸ್‌ಟಿಡಿ (ತರಬೇತಿ ಮತ್ತು ಅಭಿವೃದ್ಧಿಯ ಭಾರತೀಯ ಸಂಘ, 1970ರದ್ದು) ತರಬೇತಿಯಲ್ಲೇ ಡಿಪ್ಲೊಮಾ ಕೊಡುತ್ತೆ, ಕೆಲಸದ ಜೊತೆ ಮಾಡಬಹುದು. ಐಎಸ್‌ಎಬಿಎಸ್‌ನ (ಅನ್ವಯಿಕ ವರ್ತನಾ ವಿಜ್ಞಾನದ ಭಾರತೀಯ ಸಂಘ, 1971) ಟಿ-ಗ್ರೂಪ್ ಲ್ಯಾಬ್‌ಗಳು ಬೇರೆಯೇ ಜಾತಿ. ಅಲ್ಲಿ ಪಾಠ ಇಲ್ಲ, ಗುಂಪಿನಲ್ಲಿ ಕೂತಾಗ ನೀವು ಏನು ಮಾಡ್ತೀರಿ ಅನ್ನೋದೇ ಪಾಠ. ಒ.ಡಿ. ಮಾಡೋರಿಗೆ ಅದು ಇಲ್ಲದೆ ಆಗಲ್ಲ ಅಂತ ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಬೇಲೂರು_ರಸ್ತೆ

ನಾನು ಒಪ್ಪದವನು. ಮೊದಲು ಅಂಕಿ ಓದೋದು, ಪ್ರಶ್ನೆ ಬರೆಯೋದು ಕಲೀಲಿ. ಲ್ಯಾಬ್ ಆಮೇಲೆ.

ಪಲ್ಪರ್_ಹೌಸ್

ಕೊಪ್ಪದವರಿಗೆ: ಚಿಕ್ಕಮಗಳೂರಲ್ಲೇ ಇದ್ದು ಪ್ರಾಜೆಕ್ಟ್ ಮಾಡೋದಾದರೆ ಗಾರ್ಮೆಂಟ್ಸ್ ಹುಡುಕಿಕೊಂಡು ಹೋಗಬೇಕಿಲ್ಲ. ಕಾಫಿ ತೋಟದಷ್ಟು ಒಳ್ಳೆಯ ಕೆಲಸದ ಕಲಿಕೆಯ ಜಾಗ ಬೇರೆ ಇಲ್ಲ. ಎಚ್‌ಆರ್ ವಿಭಾಗ ಇಲ್ಲ, ತರಬೇತಿ ಕೊಠಡಿ ಇಲ್ಲ, ಮೇಸ್ತ್ರಿ ಇದ್ದಾರೆ, ರೈಟರ್ ಇದ್ದಾರೆ. ಅಸ್ಸಾಂ ಕಡೆಯ ಆಳುಗಳಿಗೆ ಕನ್ನಡ ಬರಲ್ಲ. ಕಲಿಕೆ ಹೇಗೆ ನಡೀತಿದೆ ಅನ್ನೋದೇ ಒಂದು ಪ್ರಶ್ನೆ.

ವಿಷಯ ಒಂದು ಕೊಡ್ತೀನಿ: ಬಿಳಿ ಕಾಂಡಕೊರಕದ ಗಿಡ ಗುರುತಿಸೋದು. ಅರೇಬಿಕಾದ ದೊಡ್ಡ ಶತ್ರು. ದುಂಬಿ ಹಾರಾಡೋದು ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅದಕ್ಕೆ ಮುಂಚೆ ಪಟ್ಟೆ ಪಟ್ಟೆ (ತೋಟದ ಒಂದೊಂದು ಭಾಗ) ಸುತ್ತಿ, ಹುಳ ಬಿದ್ದ ಗಿಡ ಹಿಡಿದು, ಬುಡದಿಂದ ಕಿತ್ತು ಸುಡಬೇಕು. ಗುರುತು: ಕಾಂಡದ ತೊಗಟೆ ಮೇಲೆ ಉಬ್ಬಿದ ಗೆರೆ, ಎಲೆ ಹಳದಿ, ಬಾಡುವಿಕೆ. ಬಾಡಿದ ಗಿಡ ಯಾರಿಗಾದರೂ ಕಾಣುತ್ತೆ. ಉಬ್ಬಿದ ಗೆರೆ ಕಾಣೋದು ಪಾಚಿ ಒರೆಸಿ ಕೈಯಾಡಿಸಿದಾಗ, ಅದು ಕಲಿಸಬೇಕಾದ ಕೆಲಸ.

ಕಲಿಸೋಕೆ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಪದ್ಧತಿ ಹೇಳಿ ಮಾಡಿಸಿದ ಹಾಗಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರು ನುಗ್ಗಿದಾಗ ಮಾಡಿದ್ದು. ನಾಲ್ಕೇ ಹೆಜ್ಜೆ: ಕಲಿಯೋರನ್ನು ಸಿದ್ಧಪಡಿಸು, ಮಾಡಿ ತೋರಿಸು, ಅವರಿಂದ ಮಾಡಿಸು, ಆಮೇಲೆ ಬಂದು ನೋಡು. ಇದರ ಜೀವ ಇರೋದು ಮೊದಲೇ ಬರೆಯೋ ಚೀಟಿಯಲ್ಲಿ: ಹೆಜ್ಜೆ, ಅದರ ಮರ್ಮ, ಕಾರಣ. ಹೆಜ್ಜೆ ‘ಕಾಂಡ ಒರೆಸು’. ಮರ್ಮ ‘ಬುಡದಿಂದ ಮೇಲಕ್ಕೆ, ಸುತ್ತಲೂ’. ಕಾರಣ ‘ಪಾಚಿ ಕೆಳಗೆ ಗೆರೆ ಮುಚ್ಚಿರುತ್ತೆ’. ಚೀಟಿ ಒಂದು ಪುಟ ದಾಟಿದರೆ ಅದು ಎರಡು ಕೆಲಸ, ಒಡೆಯಿರಿ. ಭಾಷೆ ಬಾರದವರಿಗೆ ಕಾರಣ ಹೇಳೋದನ್ನು ಬಿಟ್ಟುಬಿಡ್ತಾರೆ, ಅಲ್ಲೇ ಕೆಡೋದು. ಸೀಳಿದ ಕಾಂಡದೊಳಗಿನ ಸುರಂಗ ತೋರಿಸಿ, ಮಾತೇ ಬೇಡ.

ಅಳೆಯೋದು ಹೇಗೆ: ಒಂದೇ ಪಟ್ಟೆಯ 100 ಗಿಡಗಳನ್ನು ಹೊಸಬರೂ ಅನುಭವಿ ಮೇಸ್ತ್ರಿಯೂ ಬೇರೆ ಬೇರೆಯಾಗಿ ನೋಡಲಿ. ಇಬ್ಬರೂ ಹುಳ ಅಂದದ್ದು 12, ಇಬ್ಬರೂ ಇಲ್ಲ ಅಂದದ್ದು 74, ಮೇಸ್ತ್ರಿ ಮಾತ್ರ ಹೌದು ಅಂದದ್ದು 8, ಹೊಸಬರು ಮಾತ್ರ 6 ಅಂದುಕೊಳ್ಳಿ. ಒಮ್ಮತ ಶೇ 86, ಕೇಳೋಕೆ ಚೆನ್ನಾಗಿದೆ. ಆದರೆ ಹೆಚ್ಚಿನ ಗಿಡ ಆರೋಗ್ಯವಾಗೇ ಇರೋದರಿಂದ ಕಣ್ಣು ಮುಚ್ಚಿ ಹೇಳಿದರೂ ಶೇ 69 ಒಮ್ಮತ ಬರುತ್ತೆ. ಆ ಆಕಸ್ಮಿಕ ಒಮ್ಮತವನ್ನು ಕಳೆದು ಅಳೆಯೋ ಕೊಹೆನ್ ಕಪ್ಪಾ ಹಾಕಿದರೆ 0.55ರ ಹತ್ತಿರ, ಅಂದರೆ ನಡುಮಟ್ಟ. ಮೇಸ್ತ್ರಿ ಹಿಡಿದ 20ರಲ್ಲಿ 8 ಹೊಸಬರ ಕಣ್ಣು ತಪ್ಪಿಸಿವೆ, ಆ 8 ಗಿಡಗಳಿಂದಲೇ ಮುಂದಿನ ಹಾರಾಟ.

ಕೊಯ್ಲಿನ ತರಬೇತಿಯಾದರೆ ಇನ್ನೂ ಸುಲಭ: ಒಬ್ಬೊಬ್ಬರ ಚೀಲದಿಂದ 1 ಕೆಜಿ ತೆಗೆದು ಕಾಯಿ ಬೇರೆ, ಹಣ್ಣು ಬೇರೆ ತೂಗಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ. ನಿಮ್ಮ ಸೆಮಿಸ್ಟರ್ ಆ ಹೊತ್ತಿಗೆ ಹೊಂದುತ್ತಾ ಮೊದಲು ನೋಡಿ. ಮತ್ತೆ, ಕೆಜಿ ಲೆಕ್ಕದಲ್ಲಿ ಕೂಲಿ ಕೊಡೋ ತೋಟದಲ್ಲಿ ‘ಹಣ್ಣು ಮಾತ್ರ ಕೊಯ್ಯಿ’ ಅನ್ನೋ ಪಾಠ ಕೂಲಿಯ ಎದುರು ನಿಲ್ಲಲ್ಲ. ಬೇಲೂರಿನವರು ಹೇಳಿದ್ದೇ ಇದು.

ಅಂಕಿಸಂಖ್ಯೆ_ಅರಸೀಕೆರೆ

ಕಪ್ಪಾ ಲೆಕ್ಕ ಸರಿ ಇದೆ, 0.545. ಆದರೆ ಮೇಸ್ತ್ರಿಯೇ ಸತ್ಯ ಅಂತ ಯಾಕೆ? ಭಿನ್ನಾಭಿಪ್ರಾಯ ಬಂದ 14 ಗಿಡಗಳನ್ನಾದರೂ ಮೂರನೆಯವರು ನೋಡಲಿ. ಅವರು ಹೌದು ಅಂದದ್ದನ್ನು ಹೇಗೂ ಕೀಳ್ತಾರೆ, ಆಗ ಸೀಳಿ ನೋಡಿದರೆ ಹುಳ ಇತ್ತೋ ಇಲ್ಲವೋ ಗೊತ್ತಾಗುತ್ತೆ.

ಪಲ್ಪರ್_ಹೌಸ್

ಒಪ್ಪಿದೆ.

ಹೇಮಾವತಿ_ದಂಡೆ

ಎಲ್ಲ ಓದಿ ಯೋಜನೆ ಬದಲಿಸಿದೆ. 5 ಲೈನ್ ಮೊದಲು, 5 ಲೈನ್ ಆಮೇಲೆ (ಎಚ್‌ಆರ್ ಚೀಟಿ ಎತ್ತೋಕೆ ಒಪ್ಪಿದ್ದಾರೆ, ಡೇಟಾ ಸೂಚ್ಯಂಕದಲ್ಲಿ ಕೊಡ್ತಾರಂತೆ). 10 ಪೀಸಿನ ಪರೀಕ್ಷೆ 60 ಜನರಿಗೆ ಮೂರು ಸಲ. ದೋಷಗಳ ಕಾರಣ ವಿಂಗಡಣೆ. ಪ್ರಶ್ನಾವಳಿ 25ರಿಂದ 12ಕ್ಕೆ ಇಳಿಸಿದ್ದೇನೆ. ಜೊತೆಗೆ ಉದಯ್ ಪಾರೀಕ್ ಅವರ ಆಕ್ಟಪೇಸ್ ಹಾಕಲಾ? ಗೈಡ್ ಕೇಳ್ತಿದ್ದಾರೆ.

ಮೂಡಿಗೆರೆ_ಮಳೆ

ಆಕ್ಟಪೇಸ್ 40 ಹೇಳಿಕೆ. ಮುಕ್ತತೆ, ನಂಬಿಕೆ, ಸ್ವಾಯತ್ತತೆ ಹೀಗೆ ಎಂಟು ಮೌಲ್ಯಗಳ ಮೂಲಕ ಸಂಸ್ಥೆಯ ಸಂಸ್ಕೃತಿ ಅಳೆಯೋದು. ಒಳ್ಳೆಯ ಉಪಕರಣ, ನಿಮ್ಮ ಪ್ರಶ್ನೆಗೆ ಸಂಬಂಧ ಇಲ್ಲ. ಹಾಕಿದರೆ ಒಂದು ಅಧ್ಯಾಯ ದಪ್ಪ ಆಗುತ್ತೆ ಅಷ್ಟೇ. ಬದಲಿಗೆ ಮೇಲ್ವಿಚಾರಕರ ಬೆಂಬಲದ ಮೇಲೆ ನಾಲ್ಕು ಪ್ರಶ್ನೆ ಇಡಿ. ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲಿ ಹೇಳಿದ್ದು ಇದನ್ನೇ: ಕಲಿತದ್ದು ಕೆಲಸಕ್ಕೆ ಇಳಿಯೋದು ಕಲಿಯುವವರು, ತರಬೇತಿಯ ವಿನ್ಯಾಸ, ಕೆಲಸದ ವಾತಾವರಣ ಈ ಮೂರರ ಮೇಲೆ. ವಾತಾವರಣವನ್ನು ಪ್ರಾಜೆಕ್ಟ್‌ಗಳು ಮುಟ್ಟೋದೇ ಇಲ್ಲ.

ಪ್ರಶ್ನೆ ಬರೆಯುವಾಗ ‘ಮೇಲ್ವಿಚಾರಕರು ಪ್ರೋತ್ಸಾಹ ನೀಡುತ್ತಾರೆ’ ಅಂತ ಬೇಡ. ‘ಕಳೆದ ವಾರ ತರಬೇತಿಯಲ್ಲಿ ಹೇಳಿದ ವಿಷಯದ ಬಗ್ಗೆ ಸೂಪರ್‌ವೈಸರ್ ನಿಮ್ಮನ್ನು ಎಷ್ಟು ಸಲ ಕೇಳಿದರು: ಒಮ್ಮೆಯೂ ಇಲ್ಲ, 1–2 ಸಲ, ಅದಕ್ಕಿಂತ ಜಾಸ್ತಿ’ ಅಂತ ಇರಲಿ. ಒಪ್ಪುತ್ತೇನೆ–ಒಪ್ಪುವುದಿಲ್ಲ ಪಟ್ಟಿಯಲ್ಲಿ ಎಲ್ಲರೂ ಒಂದೇ ಕಾಲಂ ಉದ್ದಕ್ಕೂ ಟಿಕ್ ಹಾಕಿಕೊಂಡು ಹೋಗ್ತಾರೆ. ‘ತರಬೇತುದಾರರು ವಿಷಯ ಬಲ್ಲವರಾಗಿದ್ದು ಸರಳವಾಗಿ ವಿವರಿಸಿದರು’ ಅನ್ನೋದು ಒಂದು ಪ್ರಶ್ನೆ ಅಲ್ಲ, ಎರಡು. ಅಂಥವನ್ನು ಹುಡುಕಿ ತೆಗೀರಿ. 6–8 ಜನರಿಗೆ ಓದಿ ಹೇಳಿ, ಅವರ ಮಾತಲ್ಲೇ ಮತ್ತೆ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ಬದಲಿಸಿ.

ಒ.ಡಿ. ಬಣ್ಣದ ಬಗ್ಗೆ. ಕರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆ ಅಂತ ಬರೆದದ್ದರ ತಿರುಳು: ತಿಳಿದುಕೊಂಡದ್ದನ್ನು ಅದೇ ಜನರ ಮುಂದಿಡು, ಅವರ ಜೊತೆ ಹೆಜ್ಜೆ ಹಾಕು, ಮತ್ತೆ ಅಳೆ. ನೀವು ಎರಡನೇ 5 ಲೈನಿಗೆ ತರಬೇತಿ ಶುರುವಾಗೋ ಮುಂಚೆ ಮೊದಲ 5 ಲೈನಿನ ಫಲಿತಾಂಶವನ್ನು ಸೂಪರ್‌ವೈಸರ್‌ಗಳ ಮುಂದಿಟ್ಟರೆ ಅದೇ ಒ.ಡಿ. ಅರ್ಧ ಗಂಟೆ, ಒಂದು ಚಾರ್ಟ್. ಲೈನ್ ಹೆಸರು ಹೇಳಬೇಡಿ, ಹೇಳಿದ ತಕ್ಷಣ ಸಭೆ ‘ಯಾರ ತಪ್ಪು’ ಅನ್ನೋದಕ್ಕೆ ತಿರುಗುತ್ತೆ. ದೋಷ ಇಳಿಯೋಕೆ ಏನು ತಳ್ಳುತ್ತಿದೆ, ಏನು ಹಿಡಿದಿಟ್ಟಿದೆ ಅಂತ ಬೋರ್ಡಿನ ಎರಡು ಬದಿ ಅವರಿಂದಲೇ ಬರೆಸಿ. ಲೆವಿನ್ ಅವರ ಬಲಕ್ಷೇತ್ರ ವಿಶ್ಲೇಷಣೆ ಅಂದರೆ ಇಷ್ಟೇ. ತಳ್ಳೋದನ್ನು ಹೆಚ್ಚಿಸೋದಕ್ಕಿಂತ ಹಿಡಿದದ್ದನ್ನು ಸಡಿಲಿಸೋದು ಅಗ್ಗ. ಸೂಜಿ ಟೇಬಲ್ಲಿನ ಮಾತು ಅಲ್ಲಿ ತಾನಾಗಿ ಬರುತ್ತೆ, ನೀವು ಹೇಳಬೇಕಾಗಿಲ್ಲ.

ಬೇಲೂರು_ರಸ್ತೆ

ಅವರು ಸೂಜಿ ಟೇಬಲ್ ಜಾಗ ಬದಲಿಸಿದರೆ ಎರಡನೇ 5 ಲೈನಿನ ಅಂಕಿ ತರಬೇತಿಯದ್ದೋ ಟೇಬಲ್ಲಿನದ್ದೋ?

ಮೂಡಿಗೆರೆ_ಮಳೆ

ಎರಡರದ್ದೂ. ಬದಲಾದ ತಾರೀಕು ಬರೆದು, ಮಿತಿಗಳ ವಿಭಾಗದಲ್ಲಿ ಹೇಳಿದರೆ ಆಯ್ತು. ಶುದ್ಧ ಪ್ರಯೋಗ ಬೇಕಾದರೆ ಸಭೆಯನ್ನು ಕೊನೆಗೆ ತಳ್ಳಬಹುದು. ಆಗ ಸಂಶೋಧನೆ ಗಟ್ಟಿ, ಒ.ಡಿ. ಪೊಳ್ಳು. ಗೈಡ್ ಜೊತೆ ಕೂತು ಮೊದಲೇ ಒಂದು ಕಡೆ ನಿರ್ಧರಿಸಿ, ಮಧ್ಯದಲ್ಲಿ ಬದಲಿಸಬೇಡಿ.

ಕ್ಯೂರಿಂಗ್_ವರ್ಕ್ಸ್

ವರದಿ ಬರೆಯುವಾಗ: ‘ತರಬೇತಿಯ ಪರಿಕಲ್ಪನೆ’ ಅಂತ 30 ಪುಟ ಹಳೆಯ ಪ್ರಾಜೆಕ್ಟಿನಿಂದ ಎತ್ತಿ ಹಾಕುವ ಪದ್ಧತಿ ಇದೆಯಲ್ಲ, ಅದು ಹೋಲಿಕೆ ತಪಾಸಣೆಯಲ್ಲಿ ಸಿಗುತ್ತೆ. 2018ರ ಯುಜಿಸಿ ನಿಯಮದ ಪ್ರಕಾರ ಶೇ 10ರವರೆಗೆ ದಂಡನೆ ಇಲ್ಲ, ಶೇ 10ರಿಂದ 40ರ ನಡುವೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ನಿಮ್ಮದರಲ್ಲಿ ಸ್ವಂತ ಅಂಕಿ ಇಷ್ಟಿರುವಾಗ ಆ ಅಧ್ಯಾಯ 8 ಪುಟ ಸಾಕು.

ಅಂಕಿ ಏನೂ ಬದಲಾಗದಿದ್ದರೂ ಹಾಗೇ ಬರೆಯಿರಿ. ಪೀಸ್ ಪರೀಕ್ಷೆಯಲ್ಲಿ ಸುಧಾರಣೆ, ಫ್ಲೋರಿನಲ್ಲಿ ಇಲ್ಲ ಅಂತ ಬಂದರೆ ಕಲಿಕೆ ಆಗಿದೆ, ಕಲಿತದ್ದು ಕೆಲಸಕ್ಕೆ ಇಳಿದಿಲ್ಲ ಅಂತ ಅರ್ಥ. ವೈವಾದಲ್ಲಿ ಅದರ ಮೇಲೆ ಮಾತಾಡೋಕೆ ಎಲ್ಲರೂ ಬರೆಯೋ ‘ಶೇ 87 ತೃಪ್ತರು’ ಅನ್ನೋದಕ್ಕಿಂತ ಜಾಸ್ತಿ ಇರುತ್ತೆ.

ಹೇಮಾವತಿ_ದಂಡೆ

ಸಭೆ ಮಧ್ಯದಲ್ಲೇ ಇಡೋಣ ಅಂತ ಗೈಡ್ ಒಪ್ಪಿದರು. ಶೀರ್ಷಿಕೆಗೂ ‘ಒಂದು ಕ್ರಿಯಾ ಸಂಶೋಧನೆ’ ಅಂತ ಸೇರಿಸೋಕೆ ಹೇಳಿದ್ದಾರೆ. ಚೆಕರ್ ಶೀಟ್‌ಗಳನ್ನು ಫೋಟೋ ತೆಗೆದುಕೊಳ್ಳಬಹುದಾ, ಅಥವಾ ಕೈಯಲ್ಲೇ ನಕಲು ಮಾಡಬೇಕಾ?

ಮೂಡಿಗೆರೆ_ಮಳೆ

ಫ್ಲೋರಿಗೆ ಮೊಬೈಲ್ ಬಿಡಲ್ಲ, ಬಿಟ್ಟರೂ ತೆಗೆಯಬೇಡಿ. ಶೀಟಿನ ಮೇಲೆ ಬಯರ್ ಹೆಸರು, ಸ್ಟೈಲ್ ನಂಬರ್, ಆಪರೇಟರ್ ಹೆಸರು ಎಲ್ಲ ಇರುತ್ತೆ. ತಾರೀಕು, ಲೈನ್, ನೋಡಿದ ಪೀಸ್, ದೋಷದ ಬಗೆ, ಸಂಖ್ಯೆ ಅಂತ ಐದು ಕಾಲಮ್ಮಿನ ಹಾಳೆ ಮಾಡಿಕೊಂಡು ಹೋಗಿ, ಶಿಫ್ಟ್ ಮುಗಿಯೋ ಹೊತ್ತಿಗೆ ಕ್ವಾಲಿಟಿ ಇನ್‌ಚಾರ್ಜ್ ಪಕ್ಕ ಕೂತು ತುಂಬಿಕೊಳ್ಳಿ. ಸೂಚ್ಯಂಕಕ್ಕೆ ಬದಲಾಯಿಸೋದನ್ನು ಅವರ ಕಂಪ್ಯೂಟರಿನಲ್ಲೇ ಮಾಡಿ ಮೂಲ ಹಾಳೆ ಅಲ್ಲೇ ಬಿಟ್ಟು ಬನ್ನಿ. ಪತ್ರದಲ್ಲಿ ಈ ಸಾಲನ್ನೂ ಸೇರಿಸಿ, ಸಹಿ ಹಾಕಿಸಿಕೊಂಡ ಮೇಲೆ ಮೊದಲ ದಿನದ ಅಳತೆ ಶುರು ಮಾಡಿ.